ಕೈ ಖಾಲಿಯಾದಾಗ ಮನಸ್ಸು ಎಲ್ಲಿರುತ್ತದೆ?

ಬಡವರು ಯೋಚಿಸುವ ರೀತಿ ಬದಲಾದರೆ ಬಡತನ ತಾನಾಗಿ ತೊಲಗುತ್ತದೆ ಎಂಬ ಉಪದೇಶ ಈಗ ಎಲ್ಲೆಲ್ಲೂ ಕೇಳಿಬರುತ್ತಿದೆ. ಸಂತೆ, ಕಬ್ಬಿನ ಗದ್ದೆ, ಎಲೆ ಹಚ್ಚುವ ಚಾವಡಿಗಳಿಂದ ಬಂದ ಲೆಕ್ಕ ಬೇರೆಯೇ ಹೇಳುತ್ತದೆ.

ಚೆನ್ನೈನ ಬೀದಿಗಳಲ್ಲಿ ಹಣ್ಣು, ತರಕಾರಿ ಮಾರುವವರ ದಿನ ಶುರುವಾಗುವುದೇ ಸಾಲದಿಂದ. ನಸುಕಿನಲ್ಲಿ 1,000 ರೂಪಾಯಿ ಕೈಸಾಲ ಪಡೆದು ಸರಕು ಎತ್ತುತ್ತಾರೆ. ಸಂಜೆ ಮಾರಿ ಬಂದ ದುಡ್ಡಿನಲ್ಲಿ ಅಸಲು, ಬಡ್ಡಿ ಎರಡನ್ನೂ ಕೊಟ್ಟು ಮರುದಿನ ನಸುಕಿಗೆ ಮತ್ತೆ ಅದೇ 1,000 ರೂಪಾಯಿಗೆ ಕೈಯೊಡ್ಡುತ್ತಾರೆ. ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ 2011ರಲ್ಲಿ ಪ್ರಕಟಿಸಿದ ‘ಪೂರ್ ಎಕನಾಮಿಕ್ಸ್’ ಪುಸ್ತಕದಲ್ಲಿ ಈ ಬಡ್ಡಿ ಸರಾಸರಿ ಶೇ 4.69 ಎಂದು ಬರೆದಿದ್ದಾರೆ. ವರ್ಷಕ್ಕಲ್ಲ, ತಿಂಗಳಿಗೂ ಅಲ್ಲ, ದಿನಕ್ಕೆ! ಅಂದರೆ 1,000 ರೂಪಾಯಿಗೆ ಸಂಜೆ ಹೊತ್ತಿಗೆ 47 ರೂಪಾಯಿ ಬಡ್ಡಿ. 22 ದಿನ ಕಳೆಯುವಷ್ಟರಲ್ಲಿ ಕಟ್ಟಿದ ಬಡ್ಡಿಯೇ ಅಸಲನ್ನು ದಾಟಿರುತ್ತದೆ. ಅಸಲು ಮಾತ್ರ ಕೂತಲ್ಲೇ ಕೂತಿರುತ್ತದೆ.

ಬೆಂಗಳೂರಿನ ಮಾರುಕಟ್ಟೆಗಳಿಗೂ ಇದು ಹೊಸದಲ್ಲ. ಬೆಳಗ್ಗೆ 900 ರೂಪಾಯಿ ಕೈಗೆ ಬಂದರೆ ಸಂಜೆ 1,000 ರೂಪಾಯಿ ಹಿಂದಕ್ಕೆ ಹೋಗಬೇಕು. ಈ ಬಡ್ಡಿಯಿಂದ ಬೀದಿ ವ್ಯಾಪಾರಿಗಳನ್ನು ಬಿಡಿಸಲೆಂದೇ ರಾಜ್ಯ ಸರ್ಕಾರ 2018ರ ನವೆಂಬರಿನಲ್ಲಿ ‘ಬಡವರ ಬಂಧು’ ಎಂಬ ಯೋಜನೆ ತಂದು, 2,000ದಿಂದ 10,000 ರೂಪಾಯಿವರೆಗೆ ಬಡ್ಡಿಯಿಲ್ಲದ ಸಾಲ ಕೊಡಿಸಲು ಹೊರಟಿತು.

ದೂರದಲ್ಲಿ ನಿಂತು ನೋಡುವವರಿಗೆ ಇದರ ಪರಿಹಾರ ಬಹಳ ಸುಲಭ. ಹೀಗೆ ಸಾಲ ಮಾಡಿ ಹಣ್ಣು ಮಾರುವ ಹೆಂಗಸೊಬ್ಬಳು ದಿನಕ್ಕೊಂದು ಚಹಾ ಬಿಟ್ಟು 5 ರೂಪಾಯಿ ಉಳಿಸಿದಳು ಅನ್ನಿ. ನಾಳೆಗೆ 995 ರೂಪಾಯಿ ಸಾಲ ಸಾಕು. ಅದರಿಂದ ಬಡ್ಡಿಯಲ್ಲೂ ನಾಲ್ಕು ಕಾಸು ಉಳಿಯುತ್ತದೆ, ನಾಡಿದ್ದಿಗೆ ಸಾಲ ಮತ್ತಷ್ಟು ತಗ್ಗುತ್ತದೆ. ಹೀಗೇ ಬಿಡದೆ ನಡೆದರೆ ಎರಡು ತಿಂಗಳು ತುಂಬುವ ಮೊದಲೇ ಆಕೆ ಸಾಲದಿಂದ ಪೂರ್ತಿ ಹೊರಗೆ. ಲೆಕ್ಕದಲ್ಲಿ ಎಲ್ಲೂ ತಪ್ಪಿಲ್ಲ. ಆದರೂ ವರ್ಷಗಟ್ಟಲೆ ಯಾರೂ ಹಾಗೆ ಮಾಡುವುದಿಲ್ಲ.

ಡೀನ್ ಕಾರ್ಲನ್, ಸೆಂಧಿಲ್ ಮುಲ್ಲೈನಾಥನ್, ಬೆಂಜಮಿನ್ ರಾತ್ ಎಂಬ ಅರ್ಥಶಾಸ್ತ್ರಜ್ಞರು ಒಂದು ಹೆಜ್ಜೆ ಮುಂದೆ ಹೋದರು. ಚೆನ್ನೈ ಹಾಗೂ ಫಿಲಿಪ್ಪೀನ್ಸ್‌ನ ಮಾರುಕಟ್ಟೆ ವ್ಯಾಪಾರಿಗಳಲ್ಲಿ ಕೆಲವರ ಸಾಲವನ್ನು ತಾವೇ ತೀರಿಸಿಬಿಟ್ಟರು. ಅವರಲ್ಲಿ ಕೆಲವರಿಗೆ ಹಣಕಾಸಿನ ತಿಳಿವಳಿಕೆಯ ಪಾಠವನ್ನೂ ಮಾಡಿಸಿದರು. ಕೆಲವೇ ವಾರಗಳಲ್ಲಿ ಹೆಚ್ಚಿನವರು ಮತ್ತೆ ಬಡ್ಡಿಯವನ ಮುಂದೆ ನಿಂತಿದ್ದರು.

‘ನೋಡಿ, ಅವರ ಬುದ್ಧಿಯೇ ಅಷ್ಟು’ ಎಂದು ಇಲ್ಲಿಗೆ ಮಾತು ಮುಗಿಸುವವರಿದ್ದಾರೆ. ಹಾಗೆ ಮುಗಿಸುವುದೇ ಒಂದು ದೊಡ್ಡ ವ್ಯಾಪಾರ. ಅಮೆರಿಕ ಆರ್ಥಿಕ ಕುಸಿತದಿಂದ ತತ್ತರಿಸುತ್ತಿದ್ದ 1937ರಲ್ಲಿ ನೆಪೋಲಿಯನ್ ಹಿಲ್ ‘ಥಿಂಕ್ ಅಂಡ್ ಗ್ರೋ ರಿಚ್’ ಬರೆದ. 1997ರಲ್ಲಿ ರಾಬರ್ಟ್ ಕಿಯೊಸಾಕಿಯ ‘ರಿಚ್ ಡ್ಯಾಡ್ ಪೂರ್ ಡ್ಯಾಡ್’ ಬಂತು. ಶ್ರೀಮಂತನಂತೆ ಯೋಚಿಸು, ಶ್ರೀಮಂತನಾಗುತ್ತೀಯೆ ಎಂಬ ಮಾತು ಇಂದು ಮೊಬೈಲಿನ ಅರ್ಧ ನಿಮಿಷದ ವಿಡಿಯೊಗಳವರೆಗೂ ಇಳಿದಿದೆ. ದುಡ್ಡಿಲ್ಲದ ಬಾಳನ್ನು ಮನಸ್ಸು ರೂಪಿಸುತ್ತದೆ ಎಂಬುದು ಸುಳ್ಳಲ್ಲ. ಆದರೆ ಆ ಮನಸ್ಸನ್ನು ಏನು ರೂಪಿಸುತ್ತದೆ ಎಂದು ಕೇಳದೆ ಬಿಟ್ಟರೆ ಉಳಿಯುವುದು ಬೈಗುಳ ಮಾತ್ರ.

ಕಬ್ಬು ಕಡಿಯುವ ಮುಂಚೆ, ಕಡಿದ ಮೇಲೆ

ಮನಸ್ಸನ್ನು ಏನು ರೂಪಿಸುತ್ತದೆ ಎಂದು ಕೇಳಿದ ಅಧ್ಯಯನವೊಂದು ನಡೆದದ್ದು ನಮ್ಮ ಪಕ್ಕದ ತಮಿಳುನಾಡಿನ ವಿಲ್ಲುಪುರಂ, ತಿರುವಣ್ಣಾಮಲೈ ಜಿಲ್ಲೆಗಳ ಕಬ್ಬಿನ ಸೀಮೆಯಲ್ಲಿ. ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್, ಎಲ್ಡಾರ್ ಶಫೀರ್, ಜಿಯಾಯಿಂಗ್ ಝಾವೊ ಸೇರಿ 54 ಹಳ್ಳಿಗಳ 464 ಸಣ್ಣ ರೈತರನ್ನು ಮಾತನಾಡಿಸಿದರು. ಫಲಿತಾಂಶ 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಮಂಡ್ಯ, ಬೆಳಗಾವಿ ಕಡೆಯ ಓದುಗರಿಗೆ ಇವರು ಕಬ್ಬನ್ನೇ ಏಕೆ ಆರಿಸಿದರೆಂದು ಬಿಡಿಸಿ ಹೇಳಬೇಕಾಗಿಲ್ಲ. ಕಬ್ಬಿನವರಿಗೆ ವರ್ಷದ ದುಡ್ಡು ಒಂದೇ ಸಲ ಬರುತ್ತದೆ. ಕಟಾವಾಗಿ ಕಾರ್ಖಾನೆಯ ಹಣ ಕೈಸೇರಿದ ಹೊಸದರಲ್ಲಿ ಮನೆ ತುಂಬಿದ ಹಾಗಿರುತ್ತದೆ. ಮುಂದಿನ ಕಟಾವು ಹತ್ತಿರವಾಗುತ್ತಿದ್ದಂತೆ ಗಿರವಿ ಅಂಗಡಿಯ ದಾರಿ ಸವೆಯುತ್ತದೆ. ಕಾರ್ಖಾನೆ ಎಲ್ಲರ ಕಬ್ಬನ್ನೂ ಒಟ್ಟಿಗೆ ಕಡಿಸುವುದಿಲ್ಲ. ಸರದಿಯಂತೆ ತಿಂಗಳುಗಟ್ಟಲೆ ನಡೆಯುತ್ತದೆ. ಹಾಗಾಗಿ ಒಂದೇ ಊರಿನಲ್ಲಿ, ಒಂದೇ ವಾರದಲ್ಲಿ, ಒಬ್ಬನ ಕೈಯಲ್ಲಿ ಹಣ ಓಡಾಡುತ್ತಿದ್ದರೆ ಇನ್ನೊಬ್ಬನ ಕೈ ಖಾಲಿ. ಮಳೆ, ಹಬ್ಬ, ಬಿಸಿಲು ಇಬ್ಬರಿಗೂ ಒಂದೇ.

ಕಟಾವಿಗೆ ಮುಂಚೆ ನೂರರಲ್ಲಿ 78 ರೈತರ ಮನೆಯ ಏನಾದರೊಂದು ವಸ್ತು ಗಿರವಿಯಲ್ಲಿತ್ತು, ಕಟಾವಾದ ಮೇಲೆ ನೂರರಲ್ಲಿ ನಾಲ್ವರದು. ಸಾಲ ಇದ್ದವರು ಮೊದಲು ಶೇ 99, ಆಮೇಲೆ ಶೇ 13. ಚಿತ್ರಗಳ ಸಾಲಿನಲ್ಲಿ ಬಿಟ್ಟುಹೋದದ್ದನ್ನು ಗುರುತಿಸುವಂಥ, ಅಂಕಿಗಳನ್ನು ಎಚ್ಚರದಿಂದ ನೋಡಿ ಥಟ್ಟನೆ ಉತ್ತರಿಸುವಂಥ ಪರೀಕ್ಷೆಗಳನ್ನು ಅದೇ ರೈತರಿಗೆ ಎರಡೂ ಹೊತ್ತಿನಲ್ಲಿ ಕೊಟ್ಟರು. ಕಟಾವಿಗೆ ಮುಂಚೆ ಅವರು ನಿಧಾನವಾಗಿದ್ದರು, ತಪ್ಪುಗಳೂ ಹೆಚ್ಚಾಗಿದ್ದವು. ಹಣ ಕೈಸೇರಿದ ಮೇಲೆ ಅದೇ ತಲೆ ಚುರುಕಾಗಿ ಓಡಿತು. ಮನುಷ್ಯ ಅವನೇ, ಅವನ ಓದು ಅಷ್ಟೇ, ಸ್ವಭಾವವೂ ಅದೇ. ಬದಲಾದದ್ದು ಕೈಯಲ್ಲಿದ್ದ ದುಡ್ಡು.

ಇದೇ ತಂಡ ಅಮೆರಿಕದ ನ್ಯೂಜೆರ್ಸಿಯ ಮಾಲ್ ಒಂದರಲ್ಲಿ ಜನರಿಗೆ ಸುಮ್ಮನೆ ಒಂದು ಪ್ರಶ್ನೆ ಹಾಕಿತ್ತು: ನಿಮ್ಮ ಕಾರು ಕೆಟ್ಟಿದೆ, ರಿಪೇರಿಗೆ 150 ಡಾಲರ್ ಬೇಕು, ಏನು ಮಾಡುತ್ತೀರಿ? ಇನ್ನು ಕೆಲವರಿಗೆ ಅದನ್ನೇ 1,500 ಡಾಲರ್ ಎಂದಿತು. ಆಮೇಲೆ ಪರೀಕ್ಷೆ. ಅನುಕೂಲಸ್ಥರಿಗೆ ಎರಡೂ ಒಂದೇ ಆಯಿತು. ಕಡಿಮೆ ವರಮಾನದವರು 150 ಡಾಲರಿನ ಮಾತು ಕೇಳಿದಾಗ ಅನುಕೂಲಸ್ಥರಷ್ಟೇ ಚೆನ್ನಾಗಿ ಉತ್ತರಿಸಿದರು. 1,500 ಎಂದೊಡನೆ ಕುಸಿದರು. ಖರ್ಚು ನಿಜವಾಗಿ ಬಂದಿರಲೇ ಇಲ್ಲ, ಬಂದರೆ ಎಂಬ ಯೋಚನೆಯೇ ತಲೆ ತುಂಬಿತ್ತು.

ಆ ತಲೆಯೊಳಗೆ ಏನೇನು ತುಂಬಿರುತ್ತದೆಂದು ಊಹಿಸಲು ಪ್ರಯೋಗ ಬೇಡ, ಬಡಾವಣೆಯ ಕಿರಾಣಿ ಅಂಗಡಿಯ ಮುಂದೆ ನಿಂತರೆ ಸಾಕು. ದಿನಗೂಲಿಯವಳು 50 ಗ್ರಾಂ ಚಹಾಪುಡಿ, ಕಾಲು ಕಿಲೊ ಸಕ್ಕರೆ, ಒಂದು ರೂಪಾಯಿಯ ಶಾಂಪೂ ಪೊಟ್ಟಣ ಕೇಳುತ್ತಾಳೆ. ಒಟ್ಟಿಗೆ ಕೊಂಡರೆ ಅಗ್ಗವೆಂದು ಆಕೆಗೆ ಗೊತ್ತಿಲ್ಲದೆ ಇಲ್ಲ. ನಾಲ್ಕು ಅಂಗಡಿ ಆಚೆ ಬೇಳೆಗೆ ಎರಡು ರೂಪಾಯಿ ಕಡಿಮೆ ಎಂಬುದೂ ಗೊತ್ತು. ಆದರೆ ಉದ್ರಿ ಪುಸ್ತಕ ಇರುವುದು ಈ ಅಂಗಡಿಯಲ್ಲಿ. ಹಳೇ ಬಾಕಿ ಇಟ್ಟುಕೊಂಡವರು ದರ ಕೇಳುವ ಹಾಗಿಲ್ಲ, ಆಚೆ ಅಂಗಡಿಗೆ ಹೋಗಿ ಬಂದರೆ ‘ಅಲ್ಲಿ ರೊಕ್ಕ, ಇಲ್ಲಿ ಉದ್ರಿಯಾ?’ ಎಂಬ ಮಾತು ಕಾದಿರುತ್ತದೆ. ಶನಿವಾರದ ಬಟವಾಡೆಯಲ್ಲಿ ಅಂಗಡಿಗೆಷ್ಟು, ಸಂಘದ ಕಂತಿಗೆಷ್ಟು, ಮಗನ ಬಸ್ಸಿಗೆಷ್ಟು, ಯಾರನ್ನು ಇನ್ನೊಂದು ವಾರ ತಡೆಯಬಹುದು ಎಂಬ ಲೆಕ್ಕ ಅವಳ ತಲೆಯಲ್ಲಿ ನಿಲ್ಲದೆ ನಡೆದಿರುತ್ತದೆ. ಮಕ್ಕಳ ಪಾಠ, ಗುಳಿಗೆ ನುಂಗುವ ಹೊತ್ತು, ಅರ್ಜಿಯ ಕೊನೆಯ ದಿನಾಂಕಗಳಿಗೆ ಜಾಗ ಎಲ್ಲಿಂದ ಬರಬೇಕು?

ಒಡಿಶಾದಲ್ಲಿ ಎಲೆ ಹಚ್ಚುವವರ ನಡುವೆ ನಡೆದ ಪ್ರಯೋಗವೂ ಇದನ್ನೇ ಹೇಳಿತು. ಒಣ ಎಲೆಗಳನ್ನು ಕಡ್ಡಿಯಿಂದ ಜೋಡಿಸಿ ಊಟದೆಲೆ ಮಾಡುವ ಕೆಲಸ, ಎಲೆಗಿಷ್ಟು ಎಂದು ಕೂಲಿ. ಸುಪ್ರೀತ್ ಕೌರ್ ಮತ್ತು ಸಂಗಡಿಗರು ಕೆಲವರಿಗೆ ಮಾತ್ರ, ಬರಬೇಕಾಗಿದ್ದ ಕೂಲಿಯ ದೊಡ್ಡ ಭಾಗವನ್ನು ಕೆಲವು ದಿನ ಮೊದಲೇ ಕೊಟ್ಟರು. ಒಂದು ಪೈಸೆ ಹೆಚ್ಚು ಕೊಡಲಿಲ್ಲ, ದರ ಬದಲಿಸಲಿಲ್ಲ. ಹಣ ಪಡೆದವರು ಮೊದಲು ಸಾಲ ತೀರಿಸಿದರು, ಮನೆಗೆ ಬೇಕಾದ್ದು ತಂದರು. ಮರುದಿನದಿಂದ ಅವರು ಹಚ್ಚಿದ ಎಲೆಗಳು ಸುಮಾರು ಶೇ 7ರಷ್ಟು ಹೆಚ್ಚಾದವು, ಕೈತಪ್ಪಿ ಹಾಳಾಗುವ ಎಲೆ, ಕಡ್ಡಿಗಳೂ ಕಡಿಮೆಯಾದವು.

ಎಲ್ಲ ಅಧ್ಯಯನಗಳೂ ಒಂದೇ ದನಿಯಲ್ಲಿ ಮಾತಾಡುತ್ತವೆ ಎಂದಲ್ಲ. ಅಮೆರಿಕದ ಕಡಿಮೆ ವರಮಾನದ ಕುಟುಂಬಗಳನ್ನು ಸಂಬಳದ ಹಿಂದಿನ ದಿನಗಳಲ್ಲಿ ಮತ್ತು ಸಂಬಳವಾದ ಮೇಲೆ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ವ್ಯತ್ಯಾಸ ಕಾಣಲಿಲ್ಲ. ಅಲ್ಲಿ ಸಂಬಳ ಇಂಥ ದಿನವೇ ಬರುತ್ತದೆಂದು ಗೊತ್ತಿತ್ತು. ತಿಂಗಳ ಕೊನೆಯ ಬಿಗಿ ಬೇರೆ, ಕಾರ್ಖಾನೆ ಯಾವಾಗ ದುಡ್ಡು ಬಿಡುಗಡೆ ಮಾಡುತ್ತದೋ ಎಂಬ ಕಬ್ಬಿನವನ ಚಡಪಡಿಕೆ ಬೇರೆ. ದುಡ್ಡು ಕಡಿಮೆ ಇರುವುದಕ್ಕಿಂತ ಅದು ಯಾವಾಗ ಬರುತ್ತದೋ ತಿಳಿಯದಿರುವುದು ಮನಸ್ಸನ್ನು ಹೆಚ್ಚು ತಿನ್ನುತ್ತದೆ ಎಂದು ನನಗನಿಸುತ್ತದೆ.

ಕಾಯುವ ಮಗು, ಕಾಯದ ಮಗು

ಮನೋಬಲದ ಉಪದೇಶಕರಿಗೆ ಬಲು ಪ್ರಿಯವಾದ ಒಂದು ಪ್ರಯೋಗವಿದೆ. 1960ರ ದಶಕದ ಕೊನೆಯಿಂದ ವಾಲ್ಟರ್ ಮಿಷೆಲ್ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಪುಟ್ಟ ಮಕ್ಕಳ ಮುಂದೆ ಒಂದು ಮಿಠಾಯಿ ಇಟ್ಟು, ತಾನು ಬರುವವರೆಗೆ ತಿನ್ನದಿದ್ದರೆ ಎರಡು ಕೊಡುತ್ತೇನೆಂದು ಹೇಳಿ ಹೊರಗೆ ಹೋಗುತ್ತಿದ್ದ. ಕಾದ ಮಕ್ಕಳು ಮುಂದೆ ಓದಿನಲ್ಲೂ ಮುಂದಾದರು ಎಂಬ ಸುದ್ದಿ ಜಗತ್ತನ್ನೇ ಸುತ್ತಿತು. ತಾಳಿದವನು ಬಾಳಿಯಾನು ಎಂಬ ನಮ್ಮ ಗಾದೆಗೆ ವಿಜ್ಞಾನದ ಮೊಹರು ಬಿದ್ದಂತಾಯಿತು.

2018ರಲ್ಲಿ ಬೇರೆ ಸಂಶೋಧಕರು ಇನ್ನೂ ಹೆಚ್ಚು ಮಕ್ಕಳ ವಿವರ ಹಿಡಿದು ಲೆಕ್ಕ ಹಾಕಿದಾಗ ಆ ನಂಟು ಅರ್ಧಕ್ಕೆ ಇಳಿಯಿತು. ಮನೆಯ ಸ್ಥಿತಿಗತಿ, ತಾಯಿಯ ಓದು ಮುಂತಾದವನ್ನು ಲೆಕ್ಕಕ್ಕೆ ಸೇರಿಸಿದರೆ ಅದು ಇನ್ನಷ್ಟು ಕರಗಿತು. ಅದಕ್ಕೂ ಮೊದಲು ಸೆಲೆಸ್ಟ್ ಕಿಡ್ ಎಂಬ ಸಂಶೋಧಕಿ ಈ ಆಟಕ್ಕೆ ಒಂದು ಸಣ್ಣ ತಿರುವು ಕೊಟ್ಟಿದ್ದಳು. 28 ಮಕ್ಕಳನ್ನು ಎರಡು ಗುಂಪು ಮಾಡಿ, ಮಿಠಾಯಿ ಇಡುವ ಮೊದಲು ಚಿತ್ರ ಬಿಡಿಸಲು ಒಳ್ಳೆಯ ಬಣ್ಣಗಳನ್ನು ತಂದುಕೊಡುತ್ತೇನೆ ಎಂದು ಎರಡೂ ಗುಂಪಿಗೆ ಹೇಳಿಸಿದಳು. ಒಂದು ಗುಂಪಿಗೆ ಬಣ್ಣಗಳು ಬಂದವು. ಇನ್ನೊಂದು ಗುಂಪಿಗೆ ‘ಇಲ್ಲವಂತೆ, ಇರುವುದರಲ್ಲೇ ಬರೆ’ ಎಂಬ ಉತ್ತರ ಬಂತು. ಆಮೇಲೆ ಮಿಠಾಯಿ ಇಟ್ಟರು. ಮಾತು ಉಳಿಸಿಕೊಂಡವರನ್ನು ಕಂಡಿದ್ದ 14 ಮಕ್ಕಳಲ್ಲಿ 9 ಮಕ್ಕಳು ಪೂರ್ತಿ 15 ನಿಮಿಷ ಕಾದವು. ಮಾತು ತಪ್ಪಿದವರನ್ನು ಕಂಡಿದ್ದ 14ರಲ್ಲಿ ಕಾದದ್ದು ಒಂದೇ ಮಗು.

ಎರಡನೇ ಗುಂಪಿನ ಮಕ್ಕಳಿಗೆ ತಾಳ್ಮೆ ಇಲ್ಲ ಎನ್ನಲು ಬಾಯಿ ಬರುತ್ತದೆಯೇ? ಕೊಟ್ಟ ಮಾತು ನಿಲ್ಲದ ಕಡೆ ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುವುದೇ ಬುದ್ಧಿವಂತಿಕೆ ಎಂದು ಅವು ಕಲಿತಿದ್ದವು. ಚೀಟಿ ಹಾಕಿ ಚೀಟಿಯವನು ಪರಾರಿಯಾದದ್ದನ್ನು ಕಂಡ ಮನೆ, ಗುತ್ತಿಗೆದಾರ ಎರಡು ವಾರದ ಕೂಲಿ ಮುಳುಗಿಸಿದ್ದನ್ನು ಉಂಡ ಮನೆ ‘ಇವತ್ತಿಗಿಷ್ಟು’ ಎಂದು ಬದುಕಿದರೆ ಅದೂ ಅನುಭವ ಕಲಿಸಿದ ಪಾಠವೇ.

ಮುಡಿಪಿನ ಗಂಟು

ಹಾಗಾದರೆ ಮನಸ್ಸಿನದು ಏನೂ ಇಲ್ಲವೇ? ಇದೆ, ಅದನ್ನು ನಮ್ಮ ಹೆಣ್ಣುಮಕ್ಕಳು ಯಾವ ಪುಸ್ತಕವನ್ನೂ ಓದದೆ ಮಾಡಿ ತೋರಿಸಿದ್ದಾರೆ. ತಿರುಪತಿ ತಿಮ್ಮಪ್ಪನಿಗೋ, ಧರ್ಮಸ್ಥಳದ ಮಂಜುನಾಥನಿಗೋ, ಮಾದಪ್ಪನಿಗೋ ಹರಕೆ ಹೊತ್ತ ಮನೆಗಳಲ್ಲಿ ಮುಡಿಪು ಕಟ್ಟಿಡುವುದನ್ನು ನೋಡಿ. ಅರಿಶಿನದಲ್ಲಿ ಅದ್ದಿ ಒಣಗಿಸಿದ ಬಟ್ಟೆ ಚೂರು, ಅದರೊಳಗೆ ನಾಣ್ಯ, ಮೇಲೊಂದು ಗಂಟು, ದೇವರ ಗೂಡಿನಲ್ಲಿ ಜಾಗ. ಶ್ರಾವಣ ಶನಿವಾರಕ್ಕೋ ಬೆಳೆ ಬಂದಾಗಲೋ ಅದಕ್ಕೆ ಒಂದಿಷ್ಟು ಸೇರುತ್ತದೆ. ಮನೆಯಲ್ಲಿ ಉಪ್ಪಿಗೆ ಕಾಸಿಲ್ಲದ ದಿನವೂ ಯಾರೂ ಆ ಗಂಟಿಗೆ ಕೈ ಹಾಕುವುದಿಲ್ಲ. ತೀರಾ ಕೈಕಟ್ಟಿಹೋಗಿ ತೆಗೆದರೆ ತಪ್ಪುಕಾಣಿಕೆ ಸೇರಿಸಿ ಇಡಬೇಕು.

ದುಡ್ಡಿಗೆ ಹೆಸರಿಟ್ಟು ಬೇರೆ ಎತ್ತಿಟ್ಟರೆ ಅದು ಉಳಿಯುತ್ತದೆ ಎಂಬುದು ಅರ್ಥಶಾಸ್ತ್ರದಲ್ಲಿ ದೊಡ್ಡ ವಿಚಾರ. ಜನ ಮನಸ್ಸಿನಲ್ಲೇ ಹಣಕ್ಕೆ ಬೇರೆ ಬೇರೆ ಖಾತೆ ತೆರೆಯುವುದನ್ನು ಕುರಿತು ಬರೆದ ರಿಚರ್ಡ್ ಥೇಲರ್ 2017ರಲ್ಲಿ ನೊಬೆಲ್ ಪಡೆದ. ಸಾಸಿವೆ ಡಬ್ಬಿಯ ದುಡ್ಡು, ಸೀರೆ ಮಡಿಕೆಯ ದುಡ್ಡು ಈ ಜಾತಿಯವೇ. 2016ರ ನವೆಂಬರ್ 8ರ ರಾತ್ರಿ 500, 1,000 ರೂಪಾಯಿ ನೋಟುಗಳು ರದ್ದಾದಾಗ, ಎಷ್ಟೋ ಮನೆಗಳಲ್ಲಿ ಗಂಡಂದಿರಿಗೆ ಗೊತ್ತಿಲ್ಲದೆ ವರ್ಷಗಟ್ಟಲೆ ಕೂಡಿಟ್ಟ ಹಣ ಡಬ್ಬಿಗಳಿಂದ ಹೊರಬರಬೇಕಾಯಿತು. ಉಳಿಸುವ ಬುದ್ಧಿ ಬಡವರಿಗಿಲ್ಲ ಎಂಬ ಮಾತು ಸುಳ್ಳೆಂದು ಅಂದು ಸಾಬೀತಾಯಿತು. ಅವರಿಗೆ ಇಲ್ಲದ್ದು ಉಳಿಸಿದ್ದನ್ನು ಭದ್ರವಾಗಿ ಇಡುವ ಜಾಗ.

ಆ ಜಾಗವನ್ನು ಹತ್ತಿಪ್ಪತ್ತು ಹೆಂಗಸರು ಒಟ್ಟಿಗೆ ಕೂತು ಕಟ್ಟಿಕೊಳ್ಳಬಹುದೆಂದು ತೋರಿಸಿದ ನೆಲವೂ ಕರ್ನಾಟಕವೇ. 1980ರ ದಶಕದ ಮಧ್ಯಭಾಗದಲ್ಲಿ ಮೈರಾಡ ಸಂಸ್ಥೆ ಇಲ್ಲಿ ಬೆಳೆಸಿದ ಸಣ್ಣ ಸಂಘಗಳೇ ಇಂದಿನ ಸ್ವಸಹಾಯ ಗುಂಪುಗಳ ಮೊದಲ ಮಾದರಿಗಳಲ್ಲಿ ಸೇರಿವೆ. 1992ರಲ್ಲಿ ನಬಾರ್ಡ್ ಅವುಗಳನ್ನು ಬ್ಯಾಂಕಿಗೆ ಜೋಡಿಸಿತು. ವಾರಕ್ಕೊಮ್ಮೆ ನಾಲ್ಕು ಜನರ ಎದುರು ದುಡ್ಡು ಎಣಿಸಿ ಇಡುವಾಗ, ಒಬ್ಬಳೇ ಇದ್ದರೆ ಜಾರಿಹೋಗುವ ಮನಸ್ಸು ಗಟ್ಟಿಯಾಗುತ್ತದೆ.

ನಾಲ್ಕು ಜನ ಏನಂತಾರೆ

ಕೈಯಲ್ಲಿ ಕಾಸಿಲ್ಲದ್ದಕ್ಕಿಂತ ಅದು ಊರಿಗೆ ಗೊತ್ತಾಗುವುದು ಹೆಚ್ಚು ನೋಯಿಸುತ್ತದೆ. ಮೈಕ್ರೊಫೈನಾನ್ಸ್ ಕಂತು ತಪ್ಪಿದ ಮನೆಯ ಮುಂದೆ ವಸೂಲಿಗೆ ಬಂದವರು ಬೀದಿಗೆಲ್ಲ ಕೇಳುವಂತೆ ಕೂಗಾಡಿದ್ದು, ಮರ್ಯಾದೆಗೆ ಅಂಜಿ ಜನ ಊರು ಬಿಟ್ಟದ್ದು, ಜೀವ ಕಳೆದುಕೊಂಡದ್ದು ಈಚೆಗೆ ಸಾಲು ಸಾಲಾಗಿ ವರದಿಯಾದವು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸುವ ಸುಗ್ರೀವಾಜ್ಞೆಯನ್ನು ರಾಜ್ಯ 2025ರ ಫೆಬ್ರುವರಿಯಲ್ಲಿ ತರಬೇಕಾಯಿತು.

ಇದೇ ಮರ್ಯಾದೆ ಮದುವೆಯಲ್ಲೂ ಸಾಲ ಮಾಡಿಸುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ಊರೇ, ಚಪ್ಪರದ ಊಟದಲ್ಲಿ ಒಂದು ಸಿಹಿ ಕಡಿಮೆಯಾದರೆ ತಿಂಗಳುಗಟ್ಟಲೆ ಆಡಿಕೊಳ್ಳುತ್ತದೆ. ಕುವೆಂಪು ಇದಕ್ಕೆ ಮದ್ದು ಹುಡುಕಿದ್ದು ಉಪದೇಶದಲ್ಲಲ್ಲ. ಮಂತ್ರ ಮಾಂಗಲ್ಯ ಎಂಬ ಸರಳ ಮದುವೆಯ ವಿಧಾನವನ್ನೇ ರೂಪಿಸಿ, 1966ರಲ್ಲಿ ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯ ಮದುವೆಯನ್ನು ಹಾಗೆಯೇ ಮಾಡಿದರು. ದುಡ್ಡಿಲ್ಲದವನು ಸರಳವಾಗಿ ಮದುವೆಯಾದರೆ ‘ಗತಿಯಿಲ್ಲದೆ’ ಎನ್ನುವ ಬಾಯಿಗಳು, ಅನುಕೂಲವಂತರೂ ಹಾಗೆಯೇ ಮಾಡತೊಡಗಿದರೆ ‘ಆದರ್ಶ’ ಎನ್ನಲೇಬೇಕಾಗುತ್ತದೆ. ಧರ್ಮಸ್ಥಳದಲ್ಲಿ 1972ರಿಂದ ನಡೆದುಬಂದಿರುವ ಸಾಮೂಹಿಕ ವಿವಾಹಗಳೂ ಇಂಥದ್ದೇ ಕೆಲಸ ಮಾಡಿವೆ: ಎಲ್ಲರೂ ಒಂದೇ ಚಪ್ಪರದಡಿ ನಿಂತಾಗ ಯಾರ ಮದುವೆ ಚಿಕ್ಕದು, ಯಾರದು ದೊಡ್ಡದು ಎಂದು ಅಳೆಯಲು ಬರುವುದಿಲ್ಲ. ಬಡವನ ಮನಸ್ಸಿನ ಭಾರ ಇಳಿಯಬೇಕಾದರೆ ಮೊದಲು ಬದಲಾಗಬೇಕಾದದ್ದು ಅವನನ್ನು ನೋಡುವ ಕಣ್ಣು.

ಸಾಕು ಎನ್ನುವ ಧೈರ್ಯ

ಕಡಿಮೆಯಲ್ಲಿ ನೆಮ್ಮದಿಯಾಗಿ ಬದುಕಿದವರ ಮಾತು ಬಂದಾಗ ನಮಗೆ ಆಯ್ದಕ್ಕಿ ಲಕ್ಕಮ್ಮ ನೆನಪಾಗುತ್ತಾಳೆ. 12ನೇ ಶತಮಾನದ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಅವಳ ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದ. ಹೆಚ್ಚಿನದು ನಮಗೇಕೆ, ಅಲ್ಲೇ ಸುರಿದು ಬಾ ಎಂದು ಆಕೆ ಅವನನ್ನು ತಿರುಗಿ ಕಳಿಸಿದಳು. ಇದನ್ನು ಅಲ್ಪತೃಪ್ತಿಯ ಪಾಠವೆಂದು ಬಡವರಿಗೆ ಹೇಳುವುದುಂಟು. ಕತೆಯನ್ನು ಇನ್ನೊಂದು ಸಲ ನೋಡಬೇಕು. ನಾಳೆಯೂ ಆಯಲು ಅಕ್ಕಿ ಇರುತ್ತದೆ, ನಾಳೆಯೂ ಗಂಡನಿಗೆ ಕಾಯಕ ಇರುತ್ತದೆ, ತಮ್ಮನ್ನು ಕೀಳಾಗಿ ಕಾಣದ ಶರಣರ ಕೂಟ ಸುತ್ತಲೂ ಇದೆ ಎಂಬ ಭರವಸೆ ಲಕ್ಕಮ್ಮನಿಗಿತ್ತು. ನಾಳೆಯ ಖಾತ್ರಿ ಇದ್ದವರು ಮಾತ್ರ ಇವತ್ತಿಗೆ ಸಾಕು ಎನ್ನಬಲ್ಲರು. ಆ ಖಾತ್ರಿ ಕೊಡದೆ ತೃಪ್ತಿಯ ಪಾಠ ಹೇಳುವುದು ಲಕ್ಕಮ್ಮನಿಗೇ ಮಾಡುವ ಅನ್ಯಾಯ.

ಖಾತ್ರಿ ಸಿಕ್ಕರೆ ಮನಸ್ಸು ಹೇಗೆ ಎದ್ದು ನಿಲ್ಲುತ್ತದೆ ಎಂಬುದಕ್ಕೆ ಪಶ್ಚಿಮ ಬಂಗಾಳದ ಮುರ್ಶಿದಾಬಾದ್ ಸಾಕ್ಷಿ. ಅಲ್ಲಿ ಬಂಧನ್ ಸಂಸ್ಥೆ ಕಡು ಬಡ ಹೆಂಗಸರಿಗೆ ಹಸುವನ್ನೋ ಆಡುಗಳನ್ನೋ ಕೊಟ್ಟು, ಅವು ಕೈಹಿಡಿಯುವವರೆಗೆ ವಾರಕ್ಕಿಷ್ಟು ಎಂದು ಖರ್ಚಿಗೂ ಕೊಟ್ಟು, ಒಂದೂವರೆ ವರ್ಷ ಮನೆಗೆ ಹೋಗಿ ವಿಚಾರಿಸಿಕೊಂಡಿತು. ಮೊದಲೇ ನಿಗದಿಯಾದಷ್ಟು ದಿನ ಕಳೆದ ಮೇಲೆ ನೆರವು ನಿಂತಿತು. 10 ವರ್ಷಗಳ ನಂತರವೂ ಆ ಮನೆಗಳ ದುಡಿಮೆ, ಊಟ, ನೆಮ್ಮದಿ ಮೂರೂ ಉಳಿದವರಿಗಿಂತ ಮೇಲಿದ್ದವು. ಆಡು ಮಾರಿ ಬಂದ ದುಡ್ಡಿನ ಲೆಕ್ಕ ಮಾತ್ರ ಹಾಕಿದರೆ ಇಷ್ಟು ಬದಲಾವಣೆಗೆ ಕಾರಣ ಸಿಗುವುದಿಲ್ಲ, ಇವರಲ್ಲಿ ಆಸೆ ಚಿಗುರಿತು ಎಂದು ಡುಫ್ಲೊ ವಾದಿಸಿದ್ದಾರೆ. ಆಸೆ ಮೊದಲು ಬಂದು ಆಡು ಆಮೇಲೆ ಬರಲಿಲ್ಲ ಎಂಬುದನ್ನು ಗಮನಿಸಬೇಕು.

ಒಂದನೇ ತಾರೀಖು

ಆದ್ದರಿಂದ ಬಡವರಿಗೆ ಎಷ್ಟು ಕೊಡುತ್ತೇವೆ ಎಂಬುದರ ಜೊತೆಗೆ ಹೇಳಿದ ದಿನ ಕೊಡುತ್ತೇವೆಯೇ ಎಂಬುದೂ ಮುಖ್ಯ. 2005ರ ಉದ್ಯೋಗ ಖಾತರಿ ಕಾಯ್ದೆ ಕೂಲಿಯನ್ನು ಹೆಚ್ಚೆಂದರೆ ಹದಿನೈದು ದಿನದೊಳಗೆ ಕೊಡಬೇಕೆಂದು ಬರೆದದ್ದು ಇದೇ ಕಾರಣಕ್ಕೆ. 2023ರ ಆಗಸ್ಟಿನಲ್ಲಿ ಮೈಸೂರಿನಲ್ಲಿ ಶುರುವಾದ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿಗೂ ಈ ಮಾತು ಒಪ್ಪುತ್ತದೆ: ತಿಂಗಳು ತಿಂಗಳು ತಪ್ಪದೆ ಬಂದರೆ ಅದರ ಮೇಲೆ ಒಂದು ಚೀಟಿ ಹಾಕಬಹುದು, ಮಗಳ ಫೀಸಿಗೆ ಮಾತು ಕೊಡಬಹುದು. ಮೂರು ತಿಂಗಳು ತಡೆದು ಒಟ್ಟಿಗೆ ಬಂದರೆ ಮೊತ್ತ ಅಷ್ಟೇ ಇದ್ದರೂ, ನಡುವಿನ ತಿಂಗಳುಗಳಲ್ಲಿ ಮಾಡಿದ ಕೈಸಾಲದ ಬಡ್ಡಿ ಅದನ್ನು ಕಚ್ಚಿಕೊಂಡು ಹೋಗಿರುತ್ತದೆ.

ಸರ್ಕಾರದ ಮಾತು ಸರ್ಕಾರಕ್ಕಿರಲಿ. ನಮ್ಮ ಮನೆಗೆ ಪಾತ್ರೆ ತಿಕ್ಕಲು, ಅಡುಗೆಗೆ, ತೋಟಕ್ಕೆ ಬರುವವರಿದ್ದಾರೆ. ನಮ್ಮ ಅಂಗಡಿಯಲ್ಲಿ, ಗ್ಯಾರೇಜಿನಲ್ಲಿ ದುಡಿಯುವ ಹುಡುಗರಿದ್ದಾರೆ. ಅವರ ಸಂಬಳ ‘ನಾಳೆ ಎಟಿಎಮ್‌ಗೆ ಹೋಗಿ ಬರ್ತೀನಿ’ ಎಂದು ಐದನೇ ತಾರೀಖಿಗೆ, ಏಳಕ್ಕೆ ಜಾರುವುದು ನಮಗೆ ಸಣ್ಣ ಮರೆವು. ಅವರಿಗೆ ಅಷ್ಟೂ ದಿನ ತಲೆಯಲ್ಲಿ ಬೇರೇನೂ ಓಡುವುದಿಲ್ಲ. ಇನ್ನು ಮೇಲೆ ಒಂದನೇ ತಾರೀಖು, ಅವರು ಕೇಳುವ ಮೊದಲೇ, ಪೂರ್ತಿ ಸಂಬಳ ಕೈಗೆ ಕೊಟ್ಟುಬಿಡಿ. ಅಡ್ವಾನ್ಸ್ ಕೇಳಿದರೆ ಕೊಡುವಷ್ಟು ಕೊಡಿ, ಜೊತೆಗೆ ಬುದ್ಧಿವಾದ ಸೇರಿಸಬೇಡಿ.